ಹಬ್ಬಕ್ಕೆ ಮನೆಮಂದಿ ಸೇರಿ ತಮಾಲೆ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ನಮ್ಮ ಪಕ್ಕದ ಮನೆಯವರು ಮೆಕ್ಸಿಕೊ ಮೂಲದವರು. ಡಿಸೆಂಬರ್ ಬಂತೆಂದರೆ ಅವರ ಮನೆಯಲ್ಲಿ ತಮಾಲೆ ಕೆಲಸ ಶುರು. ಒಂಬತ್ತು ವರ್ಷದಿಂದ ನಾನೂ ಅವರ ಮೇಜಿನ ಸುತ್ತ ಕೂತು ಹಿಟ್ಟು ಹಚ್ಚುತ್ತಿದ್ದೇನೆ. ನನ್ನ ಊರು ಉಡುಪಿ ಕಡೆ, ನಮ್ಮದು ಸಸ್ಯಾಹಾರಿ ಮನೆ. ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು ಮತ್ತು ಊರಿನ ನೆಂಟರು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳಿದ್ದನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ತಮಾಲೆ ಅಂದರೆ ಏನು?

ಮೆಕ್ಕೆಜೋಳದ ಹಿಟ್ಟಿನ ಕಡುಬು ಅಂದುಕೊಳ್ಳಿ. ಜೋಳದ ತೆನೆಯ ಒಣಗಿದ ಸಿಪ್ಪೆಗೆ ಹಿಟ್ಟು ಹಚ್ಚಿ, ನಡುವೆ ಹೂರಣ ಇಟ್ಟು, ಮಡಚಿ, ಹಬೆಯಲ್ಲಿ ಬೇಯಿಸುತ್ತಾರೆ. ತಿನ್ನುವಾಗ ಸಿಪ್ಪೆ ಬಿಚ್ಚಿ ಒಳಗಿನದನ್ನು ತಿನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಒಂದಕ್ಕೆ ತಮಾಲ್, ಹೆಚ್ಚಿದ್ದರೆ ತಮಾಲೆಸ್. ಮೂಲ ಪದ ಮೆಕ್ಸಿಕೊದ ಅಜ್ಟೆಕರಾಡುತ್ತಿದ್ದ ನಹುವಾತ್ಲ್ ಭಾಷೆಯ ತಮಲ್ಲಿ, ‘ಸುತ್ತಿದ್ದು’ ಅಂತ ಅದರ ಅರ್ಥ. ಸ್ಪೇನಿನವರು ಅಮೆರಿಕ ಖಂಡಕ್ಕೆ ಕಾಲಿಡುವ ಎಷ್ಟೋ ಮೊದಲೇ ಅಲ್ಲಿನ ಮೂಲನಿವಾಸಿಗಳಾದ ಅಜ್ಟೆಕರು, ಮಾಯಾ ಜನ ಇದನ್ನು ಮಾಡುತ್ತಿದ್ದರು. ಅಜ್ಟೆಕರ ತಿಂಗಳ ಹಬ್ಬವೊಂದರ ಹೆಸರಿನ ಅರ್ಥವೇ ‘ದಂಟಿನ ಸೊಪ್ಪಿನ ತಮಾಲೆ ತಿನ್ನುವುದು’.

ಯಾವ ಹಬ್ಬಕ್ಕೆ ಮಾಡುತ್ತಾರೆ? ಬರೀ ಕ್ರಿಸ್ಮಸ್ಸಿಗಾ?

ಕ್ರಿಸ್ಮಸ್ಸೇ ದೊಡ್ಡದು. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ರಾತ್ರಿ ಪೊಸಾದಾ ನಡೆಯುತ್ತದೆ. ತುಂಬು ಗರ್ಭಿಣಿ ಮೇರಿ ಮತ್ತು ಜೋಸೆಫ್ ಬೆತ್ಲೆಹೆಮ್‌ನಲ್ಲಿ ಜಾಗ ಕೇಳುತ್ತಾ ಅಲೆದದ್ದನ್ನು ನೆನೆದು, ಜನ ಹಾಡು ಹೇಳುತ್ತಾ ಮನೆಯಿಂದ ಮನೆಗೆ ಹೋಗುತ್ತಾರೆ. ಬಾಗಿಲು ತೆರೆದ ಮನೆಯಲ್ಲಿ ಬಂದವರಿಗೆಲ್ಲ ಬಿಸಿ ತಮಾಲೆ. 24ರ ರಾತ್ರಿಗೆ ನೋಚೆಬುವೇನಾ ಅನ್ನುತ್ತಾರೆ. ಅವತ್ತಂತೂ ತಮಾಲೆ ಇಲ್ಲದ ಮೆಕ್ಸಿಕನ್ ಮನೆ ಸಿಗುವುದು ಕಷ್ಟ.

ಅಲ್ಲಿಗೇ ಮುಗಿಯುವುದಿಲ್ಲ. ಜನವರಿ 6ರಂದು, ಹುಟ್ಟಿದ ಏಸುವನ್ನು ನೋಡಲು ಬಂದ ಮೂವರು ರಾಜರ ಹಬ್ಬ. ಅವತ್ತು ರೋಸ್ಕಾ ಅನ್ನುವ ಬಳೆಯಾಕಾರದ ಸಿಹಿ ಬ್ರೆಡ್ ಕತ್ತರಿಸುತ್ತಾರೆ. ಒಳಗೆ ಬಾಲ ಏಸುವಿನ ಪುಟ್ಟ ಗೊಂಬೆ ಅಡಗಿರುತ್ತದೆ. ಯಾರ ತುಂಡಿನಲ್ಲಿ ಗೊಂಬೆ ಬಂತೋ ಅವರು ಫೆಬ್ರವರಿ 2ರ ಕಂದೆಲಾರಿಯಾ ಹಬ್ಬಕ್ಕೆ ಎಲ್ಲರಿಗೂ ತಮಾಲೆ ಹಾಕಿಸಬೇಕು. ನವೆಂಬರ್ ಮೊದಲಲ್ಲಿ ಸತ್ತವರ ಹಬ್ಬ ಬರುತ್ತದಲ್ಲ, ಆಗ ಹಿರಿಯರ ಫೋಟೋ ಮುಂದೆ ಇಡುವ ಎಡೆಯಲ್ಲೂ ತಮಾಲೆ ಇರುತ್ತದೆ. ನಮ್ಮ ಕಡೆ ಹಿರಿಯರಿಗೆ ಇಷ್ಟವಾದದ್ದನ್ನು ಎಡೆ ಇಡುತ್ತೇವಲ್ಲ, ಹಾಗೇ.

ಒಬ್ಬಳೇ ಮಾಡಬಹುದಾ? ಇಷ್ಟು ಜನ ಯಾಕೆ ಸೇರಬೇಕು?

ಮಾಡಬಹುದು. ಆದರೆ ಸೇರಿ ಮಾಡಿ ಅಂತ ಮನಸಾರೆ ಹೇಳುತ್ತೇನೆ. ಒಂದು ವರ್ಷ ನಾನು ಒಬ್ಬಳೇ ಮೂವತ್ತು ತಮಾಲೆ ಮಾಡಿದೆ. ಬೆಳಗ್ಗೆ ಹತ್ತಕ್ಕೆ ಶುರು ಮಾಡಿದ್ದು ಮುಗಿಯುವಾಗ ಸಂಜೆ ಐದು. ರುಚಿಯೇನೋ ಚೆನ್ನಾಗಿತ್ತು, ತಿನ್ನುವ ಹುಮ್ಮಸ್ಸು ಮಾತ್ರ ಉಳಿದಿರಲಿಲ್ಲ. ಪಕ್ಕದ ಮನೆಯಲ್ಲಿ ಹನ್ನೆರಡು ಕೈ ಸೇರಿದರೆ ಮಧ್ಯಾಹ್ನದೊಳಗೆ ಇನ್ನೂರು ಆಗಿಬಿಡುತ್ತದೆ. ಹೀಗೆ ಸೇರಿ ಮಾಡುವುದಕ್ಕೇ ಒಂದು ಹೆಸರಿದೆ, ತಮಲಾದಾ.

ಅಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ. ಅಜ್ಜಿ ಹಿಟ್ಟಿನ ಹದ ನೋಡುತ್ತಾರೆ. ದೊಡ್ಡ ಮಗಳು ಸಾಸ್ ಕುದಿಸುತ್ತಾಳೆ. ನಾಲ್ಕೈದು ಜನ ಹಚ್ಚುತ್ತಾರೆ, ಇಬ್ಬರು ಹೂರಣ ಇಡುತ್ತಾರೆ, ಒಬ್ಬರು ಮಡಚುತ್ತಾರೆ. ಗಂಡಸರು ದೊಡ್ಡ ಪಾತ್ರೆ ಎತ್ತಿ ಇಳಿಸುವುದಷ್ಟೇ ಅಲ್ಲ, ಕೂತು ಹಚ್ಚುತ್ತಾರೆ ಕೂಡ. ಮಕ್ಕಳು ನೆನೆಸಿದ ಸಿಪ್ಪೆಗೆ ಅಂಟಿದ ತೆನೆಯ ಕೂದಲು ತೆಗೆದು, ದೊಡ್ಡದು ಚಿಕ್ಕದು ಬೇರೆ ಮಾಡುತ್ತಾರೆ. ಆರು ವರ್ಷದ ಮಗುವೂ ಇದನ್ನು ಚೆನ್ನಾಗಿ ಮಾಡುತ್ತದೆ. ನಮ್ಮೂರಲ್ಲಿ ಅಷ್ಟಮಿಯ ಹಿಂದಿನ ದಿನ ಹಲಸಿನ ಎಲೆ ಚುಚ್ಚಿ ಕೊಟ್ಟೆ ಕಟ್ಟುವಾಗ ನನಗೆ ಕಡ್ಡಿ ಮುರಿದು ಕೊಡುವ ಕೆಲಸ ಇತ್ತು. ಮೊದಲ ವರ್ಷ ಇಲ್ಲಿನ ಮಕ್ಕಳನ್ನು ನೋಡಿದಾಗ ನನಗೆ ಅದೇ ನೆನಪಾಯಿತು.

ಎಷ್ಟು ದಿನದ ಕೆಲಸ?

ಎರಡು ದಿನಕ್ಕೆ ಹಂಚಿಕೊಳ್ಳಿ. ಮೊದಲ ದಿನ ಸಾಸ್, ಹೂರಣ, ಸ್ಟಾಕ್ (ಅಂದರೆ ತರಕಾರಿ ಅಥವಾ ಮಾಂಸ ಬೇಯಿಸಿದ ನೀರು). ಎರಡನೇ ದಿನ ಹಿಟ್ಟು, ಹಚ್ಚುವುದು, ಬೇಯಿಸುವುದು. ಹೂರಣ ಹಿಂದಿನ ದಿನವೇ ಆಗಿ ತಣ್ಣಗಿದ್ದರೆ ಮಡಚುವುದೂ ಸುಲಭ. ಬಿಸಿ ಹೂರಣ ಹಿಟ್ಟಿನ ಕೊಬ್ಬನ್ನು ಕರಗಿಸಿಬಿಡುತ್ತದೆ.

ಯಾವ ಹಿಟ್ಟು? ನಮ್ಮ ಅಂಗಡಿಯ ಮೆಕ್ಕೆಜೋಳದ ಹಿಟ್ಟು ಆಗುತ್ತಾ?

ಆಗುವುದಿಲ್ಲ. ಜನ ಎಡವುವುದೇ ಇಲ್ಲಿ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲ ಸಲ ನಾನು ಇಂಡಿಯನ್ ಅಂಗಡಿಯಿಂದ ಮಕ್ಕೀ ಆಟಾ ತಂದು ಮಾಡಿದೆ. ಒಂದೂವರೆ ಗಂಟೆ ಹಬೆಯಲ್ಲಿಟ್ಟು ಸಿಪ್ಪೆ ಬಿಚ್ಚಿದರೆ ಒಳಗಿದ್ದದ್ದು ಒದ್ದೆ ಮರಳಿನ ಹಾಗೆ ಉದುರಿತು. ಹಿಟ್ಟಿನ ಗುಣವೇನೂ ಕೆಟ್ಟದ್ದಲ್ಲ. ಅದು ಸುಣ್ಣ ಕಾಣದ ಜೋಳ, ಅಷ್ಟೇ. ಬಿಳಿ ಕಾರ್ನ್‌ಫ್ಲೋರ್ ಅಂತೂ ಬರೀ ಪಿಷ್ಟ, ಅದರ ಮಾತೇ ಬೇಡ.

ತಮಾಲೆಗೆ ಬೇಕಾದ ಜೋಳವನ್ನು ಮೊದಲು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ಬಿಟ್ಟು, ಬೆಳಗ್ಗೆ ತೊಳೆದು ರುಬ್ಬುತ್ತಾರೆ. ಹೀಗೆ ಬೆಂದ ಜೋಳಕ್ಕೆ ನಿಶ್ತಮಾಲ್ ಅಂತ ಹೆಸರು, ರುಬ್ಬಿದ ಹಿಟ್ಟಿಗೆ ಮಾಸಾ. ನಾವು ಎಲೆ ಅಡಿಕೆಗೆ ಹಚ್ಚುವುದೂ ಇದೇ ಸುಣ್ಣವೇ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸುಣ್ಣ ತಾಗಿದಾಗ ಕಾಳಿನ ಹೊರಸಿಪ್ಪೆ ಸಡಿಲವಾಗುತ್ತದೆ. ಹಿಟ್ಟಿಗೆ ಅಂಟು ಬರುತ್ತದೆ, ಮುದ್ದೆ ಕಟ್ಟುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಜೋಳದಲ್ಲಿರುವ ನಯಾಸಿನ್ ಅನ್ನುವ ವಿಟಮಿನ್ ಸುಮ್ನೆ ಬೇಯಿಸಿದರೆ ಮೈಗೆ ಹತ್ತುವುದಿಲ್ಲ, ಸುಣ್ಣದಲ್ಲಿ ಬೇಯಿಸಿದರೆ ಹತ್ತುತ್ತದೆ. ಯುರೋಪಿನವರು ಜೋಳವನ್ನು ತಮ್ಮ ಊರಿಗೆ ಒಯ್ದರು, ಸುಣ್ಣದ ಕೆಲಸವನ್ನು ಕಲಿತು ಒಯ್ಯಲಿಲ್ಲ. ಹಾಗಾಗಿ ಬರೀ ಜೋಳ ತಿಂದು ಬದುಕಿದ ಇಟಲಿ, ಸ್ಪೇನಿನ ಬಡವರಿಗೆ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳವರಿಗೆ ಪೆಲಾಗ್ರಾ ರೋಗ ಬಂತು. ಮೆಕ್ಸಿಕೊದ ಹೆಂಗಸರು ದಿನಾ ಬೆಳಗ್ಗೆ ಮಾಡುತ್ತಿದ್ದ ಈ ಕೆಲಸದಲ್ಲಿ ಎಷ್ಟು ದೊಡ್ಡ ತಿಳಿವಳಿಕೆ ಇತ್ತು ನೋಡಿ.

ಮನೆಯಲ್ಲಿ ಸುಲಭದ ದಾರಿ ಮಾಸಾ ಅರೀನಾ, ಅಂದರೆ ಮಾಸಾವನ್ನು ಒಣಗಿಸಿ ಮಾಡಿದ ಪುಡಿ. ಮಾಸೆಕಾ ಎಂಬ ಬ್ರ್ಯಾಂಡ್ ಇಲ್ಲಿ ಎಲ್ಲ ಕಡೆ ಸಿಗುತ್ತದೆ. ಪೊಟ್ಟಣದ ಮೇಲೆ ತಮಾಲೆಗೆ ಅಂತ ಬರೆದಿದ್ದರೆ ಅದು ಸ್ವಲ್ಪ ತರಿಯಾಗಿರುತ್ತದೆ. ಅದನ್ನೇ ತನ್ನಿ.

ಊರಲ್ಲಿ ಮಾಸಾ ಅರೀನಾ ಸಿಗುವುದಿಲ್ಲ. ನಾವೇ ಮಾಡಿಕೊಳ್ಳಬಹುದಾ?

ಖಂಡಿತ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳಕ್ಕೇನು ಬರವೇ? ಅಲ್ಲಿ ಗೋವಿನಜೋಳ ಅಂದರೆ ಸಿಗುತ್ತದೆ. ಒಣಗಿದ ಕಾಳು ಬೇಕು, ಬಿತ್ತನೆಗೆ ಔಷಧಿ ಹಚ್ಚಿದ್ದು ಬೇಡವೇ ಬೇಡ. 1 ಕಿಲೋ ಕಾಳಿಗೆ 3 ಲೀಟರ್ ನೀರು, 10 ಗ್ರಾಂ ತಿನ್ನುವ ಸುಣ್ಣ. ಬಣ್ಣ, ಸುವಾಸನೆ ಸೇರಿಸಿದ ಸುಣ್ಣ ಬೇಡ. ಗೋಡೆಗೆ ಬಳಿಯುವ ಸುಣ್ಣವನ್ನು ಮುಟ್ಟಲೇಬೇಡಿ. ಪಾತ್ರೆ ಸ್ಟೀಲಿನದಿರಲಿ, ಅಲ್ಯುಮಿನಿಯಂ ಸುಣ್ಣಕ್ಕೆ ಆಗಿಬರುವುದಿಲ್ಲ.

ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮುಕ್ಕಾಲು ಗಂಟೆ ಬೇಯಿಸಿ. ಒಂದು ಕಾಳು ತೆಗೆದು ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಿ ಬರಬೇಕು. ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮುಚ್ಚಳ ತೆಗೆದರೆ ಕಾಳು ಗಾಢ ಹಳದಿಯಾಗಿರುತ್ತದೆ. ಮಳೆ ಬಿದ್ದ ಮಣ್ಣಿಗೂ ಹೊಸದಾಗಿ ಸುಟ್ಟ ರೊಟ್ಟಿಗೂ ನಡುವಿನ ಒಂದು ವಾಸನೆ ಬರುತ್ತದೆ. ಮೂರು ನಾಲ್ಕು ನೀರಿನಲ್ಲಿ ಉಜ್ಜಿ ತೊಳೆಯಿರಿ. ಆಮೇಲೆ ಗ್ರೈಂಡರ್‌ನಲ್ಲಿ ಆದಷ್ಟು ಕಡಿಮೆ ನೀರು ಹಾಕಿ, ಸಣ್ಣ ತರಿ ಇರುವ ಹಾಗೆ ರುಬ್ಬಿ. ಹಿಟ್ಟು ತೆಳ್ಳಗಾದರೆ ಮತ್ತೆ ಗಟ್ಟಿ ಮಾಡುವುದು ಕಷ್ಟ.

ಅಳತೆ ಹೇಳಿ.

ಸುಮಾರು ಮೂವತ್ತಕ್ಕೆ: ಮಾಸಾ ಅರೀನಾ 500 ಗ್ರಾಂ, ಅಂದರೆ ನಾಲ್ಕು ಕಪ್ಪು. ಗಟ್ಟಿ ಕೊಬ್ಬು 250 ಗ್ರಾಂ. ಬೆಚ್ಚಗಿನ ಸ್ಟಾಕ್ ಮೂರರಿಂದ ಮೂರೂವರೆ ಕಪ್ಪು. ಬೇಕಿಂಗ್ ಪೌಡರ್ ಎರಡು ಟೀ ಚಮಚ. ಉಪ್ಪು ಎರಡು ಟೀ ಚಮಚ, ಸ್ಟಾಕ್‌ನಲ್ಲಿ ಉಪ್ಪಿದ್ದರೆ ಕಡಿಮೆ ಮಾಡಿ.

ಕೊಬ್ಬನ್ನು ಮೊದಲು ಬೆಳ್ಳಗೆ ಹಗುರಾಗುವವರೆಗೆ ಚೆನ್ನಾಗಿ ನಾದಿ. ಮಿಕ್ಸರ್ ಇದ್ದರೆ ಐದು ನಿಮಿಷ, ಕೈಯಲ್ಲಾದರೆ ಇಪ್ಪತ್ತು. ಹಿಟ್ಟು, ಸ್ಟಾಕ್ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಮತ್ತೆ ನಾದಿ. ಹದ ಬಂತಾ ಅಂತ ನೋಡುವುದು ಹೇಗೆ? ಒಂದು ಲೋಟ ತಣ್ಣೀರಿಗೆ ಚಿಟಿಕೆ ಹಿಟ್ಟು ಹಾಕಿ. ತೇಲಿದರೆ ಸರಿ, ಮುಳುಗಿದರೆ ಇನ್ನೂ ನಾದಬೇಕು. ನಮ್ಮ ಉದ್ದಿನ ವಡೆಯ ಹಿಟ್ಟಿಗೆ ಮಾಡುವ ಪರೀಕ್ಷೆಯೇ! ಅಜ್ಜಿ ಲೋಟ ಹಿಡಿದಾಗ ನಾನು ‘ನಮ್ಮ ಅಮ್ಮನೂ ಹೀಗೇ ನೋಡೋದು’ ಅಂದೆ. ಅವತ್ತಿನಿಂದ ಹಿಟ್ಟು ತೇಲುತ್ತಾ ಅಂತ ನೋಡಲು ಅವರು ನನ್ನನ್ನೇ ಕರೆಯುತ್ತಾರೆ.

ನಾವು ಸಸ್ಯಾಹಾರಿಗಳು. ತಮಾಲೆ ತಿನ್ನಬಹುದಾ?

ತಿನ್ನಬಹುದು, ಆದರೆ ಕೇಳಿ ತಿನ್ನಿ. ಹೂರಣದಲ್ಲಿ ಮಾಂಸ ಇಲ್ಲದಿದ್ದರೂ ಹಿಟ್ಟಿನಲ್ಲಿ ಸಾಮಾನ್ಯವಾಗಿ ಹಂದಿ ಕೊಬ್ಬು ಇರುತ್ತದೆ. ಅದಕ್ಕೆ ಮಾಂತೇಕಾ ಅನ್ನುತ್ತಾರೆ. ಸ್ಟಾಕ್ ಕೋಳಿಯದೋ ಹಂದಿಯದೋ ಆಗಿರಬಹುದು. ಬೀನ್ಸ್ ಕಾಳಿನ ಹೂರಣವನ್ನೂ ಮಾಂತೇಕಾದಲ್ಲೇ ಹುರಿಯುವುದು ವಾಡಿಕೆ. ಅಂಗಡಿಯಲ್ಲಿ ಹಸಿ ಮಾಸಾ ತರುವುದಾದರೆ ‘ಪ್ರೆಪರಾದಾ’ ಅಂತ ಇರುವುದರಲ್ಲಿ ಸಾಮಾನ್ಯವಾಗಿ ಕೊಬ್ಬು ಸೇರಿಸಿರುತ್ತಾರೆ. ‘ಸಿನ್ ಪ್ರೆಪರಾರ್’ ಅಂದರೆ ಏನೂ ಸೇರಿಸದ್ದು. ಇದು ಗೊತ್ತಿಲ್ಲದೆ ನಮ್ಮವರು ಎಷ್ಟೋ ಜನ ಚೀಸ್ ತಮಾಲೆ ಅಂತ ತಿಂದು ಆಮೇಲೆ ಬೇಜಾರು ಮಾಡಿಕೊಂಡಿದ್ದಾರೆ.

ಕೇಳುವುದಕ್ಕೆ ಸಂಕೋಚ ಬೇಡ. ಮೊದಲ ವರ್ಷ ನಾನು ಸಂಕೋಚದಲ್ಲಿ ಸುಮ್ಮನಿದ್ದೆ, ತಿನ್ನದೆ ವಾಪಸ್ ಬಂದೆ. ಅಜ್ಜಿಗೆ ಅದೇ ನೋವಾಯಿತು. ಮರುವರ್ಷ ಬಿಡಿಸಿ ಹೇಳಿದೆ. ಅವರು ಬೇರೆ ಬೋಗುಣಿ, ಬೇರೆ ಪಾತ್ರೆ ತೆಗೆದಿಟ್ಟರು. ಈಗ ಮೊದಲು ಸಸ್ಯಾಹಾರದ್ದನ್ನು ಮುಗಿಸಿ, ಆಮೇಲೆ ಮಾಂಸದ ಕೆಲಸಕ್ಕೆ ಕೈ ಹಾಕುತ್ತಾರೆ. ಸಸ್ಯಾಹಾರದ ತಮಾಲೆಗೆ ಸಿಪ್ಪೆಯ ದಾರದಿಂದ ಒಂದು ಗಂಟು ಕಟ್ಟುತ್ತೇವೆ, ಗುರುತು ಸಿಗಲಿ ಅಂತ.

ಮಾಂತೇಕಾ ಬದಲು ಬೆಣ್ಣೆ, ವನಸ್ಪತಿ, ಗಟ್ಟಿಯಾದ ಕೊಬ್ಬರಿ ಎಣ್ಣೆ ಆಗುತ್ತದೆ. ನನಗೆ ಮುಕ್ಕಾಲು ಬೆಣ್ಣೆ, ಕಾಲು ಕೊಬ್ಬರಿ ಎಣ್ಣೆಯ ರುಚಿ ಇಷ್ಟ. ನೀರಿನ ಹಾಗಿರುವ ಎಣ್ಣೆ ಬೇಡ, ಅದು ಗಾಳಿ ಹಿಡಿಯುವುದಿಲ್ಲ. ಇನ್ನೊಂದು ಮಾತು. ಹಂದಿ ಬಂದದ್ದೇ ಸ್ಪೇನಿನವರ ಜೊತೆ. ಅದಕ್ಕೂ ಹಿಂದಿನ ತಮಾಲೆಯಲ್ಲಿ ಹಂದಿ ಕೊಬ್ಬು ಇರಲೇ ಇಲ್ಲ. ಹಾಗಾಗಿ ಕೊಬ್ಬು ಬದಲಿಸಿದರೆ ಅದು ತಮಾಲೆಯೇ ಅಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಹೂರಣಕ್ಕೆ ಏನೇನು?

ಮಾಂಸ ತಿನ್ನುವವರು ಕೆಂಪು ಮೆಣಸಿನಕಾಯಿ ಸಾಸ್‌ನಲ್ಲಿ ಹಂದಿ ಮಾಂಸ, ತೊಮಾತಿಯೊ ಎಂಬ, ಟೊಮೇಟೊ ಹಾಗಿರುವ ಹುಳಿ ಕಾಯಿಯ ಹಸಿರು ಸಾಸ್‌ನಲ್ಲಿ ಕೋಳಿ ಮಾಡುತ್ತಾರೆ. ಮಾಂಸವನ್ನು ಈರುಳ್ಳಿ, ಬೆಳ್ಳುಳ್ಳಿ ಹಾಕಿ ಮೆತ್ತಗೆ ಬೇಯಿಸಿ, ಎಳೆ ಎಳೆ ಬಿಡಿಸಿ, ಅದೇ ನೀರನ್ನು ಹಿಟ್ಟಿಗೆ ಬಳಸುತ್ತಾರೆ.

ನಮಗೆ ರಾಹಾಸ್ ಇದೆ. ಪೊಬ್ಲಾನೊ ಮೆಣಸಿನಕಾಯಿಯನ್ನು ಬದನೆಕಾಯಿ ಸುಡುವ ಹಾಗೆ ಉರಿಯಲ್ಲಿ ಸುಟ್ಟು, ಮುಚ್ಚಿಟ್ಟು, ಕಪ್ಪು ಸಿಪ್ಪೆ ತೆಗೆದು ಉದ್ದುದ್ದ ಸೀಳಿ. ಒಂದು ಸೀಳು ಮೆಣಸಿನಕಾಯಿ, ಒಂದು ಬೆರಳುದ್ದ ಚೀಸ್, ಅಷ್ಟೇ. ಊರಲ್ಲಾದರೆ ದಪ್ಪ ಬಜ್ಜಿ ಮೆಣಸಿನಕಾಯಿ ಮತ್ತು ಪನೀರ್ ಹಾಕಿ ನೋಡಿ.

ಕೆಂಪು ಸಾಸ್‌ಗೆ ಗುವಾಹಿಯೊ, ಆಂಚೊ ಎಂಬ ಒಣ ಮೆಣಸಿನಕಾಯಿ ಬೇಕು. ಬೀಜ ತೆಗೆದು, ಬಾಣಲೆಯಲ್ಲಿ ಸ್ವಲ್ಪವೇ ಬಾಡಿಸಿ, ಇಪ್ಪತ್ತು ನಿಮಿಷ ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ರುಬ್ಬಿ, ಸೋಸಿ ಕುದಿಸುತ್ತಾರೆ. ಮೆಣಸಿನಕಾಯಿ ಕಪ್ಪಾಗಿ ಸೀದರೆ ಸಾಸ್ ಕಹಿ. ಗುವಾಹಿಯೊ ಸಿಗದಿದ್ದರೆ ಬ್ಯಾಡಗಿ ಹಾಕಿ. ಬಣ್ಣ ಜಾಸ್ತಿ, ಖಾರ ಕಡಿಮೆ, ತುಂಬ ಹೊಂದುತ್ತದೆ. ಒಂದು ಸಲ ನಾನು ಊರಿಂದ ತಂದ ಬ್ಯಾಡಗಿಯನ್ನು ಅಜ್ಜಿಯ ಕೈಗೆ ಕೊಟ್ಟೆ. ಅವರು ಮುರಿದು ಮೂಸಿ, ಒಂದು ಚೂರು ನಾಲಿಗೆ ಮೇಲಿಟ್ಟುಕೊಂಡು, ಪೊಟ್ಟಣವನ್ನು ತಮ್ಮ ಡಬ್ಬಿಗೆ ಸುರಿದುಕೊಂಡರು. ಮೆಣಸಿನಕಾಯಿ, ಮೆಕ್ಕೆಜೋಳ ಎರಡೂ ಅವರ ನೆಲದಿಂದಲೇ ನಮ್ಮ ಹೊಲಕ್ಕೆ ಬಂದದ್ದಲ್ವಾ.

ಸಿಹಿ ತಮಾಲೆಯೂ ಇದೆ. ಹಿಟ್ಟಿಗೆ ಸಕ್ಕರೆ, ಒಣದ್ರಾಕ್ಷಿ ಹಾಕಿ ಗುಲಾಬಿ ಬಣ್ಣ ಕೊಡುತ್ತಾರೆ. ಮಕ್ಕಳು ಮೊದಲು ಖಾಲಿ ಮಾಡುವುದೇ ಅದನ್ನು.

ತೆನೆಯ ಸಿಪ್ಪೆಯೇ ಆಗಬೇಕಾ? ಬಾಳೆ ಎಲೆ ಆಗಲ್ವಾ?

ಚೆನ್ನಾಗಿ ಆಗುತ್ತದೆ. ಮೆಕ್ಸಿಕೊದ ದಕ್ಷಿಣದ ವಾಹಾಕಾ, ಚಿಯಾಪಾಸ್, ಯುಕತಾನ್ ಕಡೆ ಮತ್ತು ಗ್ವಾಟೆಮಾಲಾದಲ್ಲಿ ಬಾಳೆ ಎಲೆಯದೇ ರೂಢಿ. ಎಲೆಯನ್ನು ಉರಿಯ ಮೇಲೆ ಆಡಿಸಿ ಬಾಡಿಸಿಕೊಂಡರೆ ಹರಿಯುವುದಿಲ್ಲ. ಇದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಉಆಸ್ತೆಕಾ ಸೀಮೆಯಲ್ಲಿ ಸಾಕಾವಿಲ್ ಅಂತ ಒಂದಿದೆ. ಬಾಳೆ ಎಲೆಯಲ್ಲಿ ಸುತ್ತಿ, ಮಣ್ಣಿನ ಒಲೆಯಲ್ಲಿ ರಾತ್ರಿಯಿಡೀ ಬೇಯಿಸುವ, ಮೀಟರ್‌ಗಿಂತ ಉದ್ದದ ಒಂದೇ ತಮಾಲೆ. ಊರಿಗೆ ಊರೇ ಹಂಚಿಕೊಂಡು ತಿನ್ನುತ್ತದೆ.

ಒಣ ಸಿಪ್ಪೆ ಬಳಸುವುದಾದರೆ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿ. ತೇಲದ ಹಾಗೆ ಮೇಲೆ ತಟ್ಟೆ ಹೇರಿ.

ಹಚ್ಚುವುದು, ಮಡಚುವುದು ಹೇಗೆ?

ಸಿಪ್ಪೆಯ ಒಂದು ಮುಖ ನುಣುಪು, ಇನ್ನೊಂದು ಗೆರೆ ಗೆರೆ. ನುಣುಪಿನ ಕಡೆ ಹಚ್ಚಿ, ಇಲ್ಲದಿದ್ದರೆ ಬೆಂದ ಮೇಲೆ ಬಿಡುವುದಿಲ್ಲ. ಅಗಲದ ತುದಿ ಒಂದು ಕಡೆ, ಚೂಪು ತುದಿ ಇನ್ನೊಂದು ಕಡೆ. ಎರಡು ದೊಡ್ಡ ಚಮಚ ಹಿಟ್ಟನ್ನು ಅಗಲದ ಕಡೆಯಿಂದ ಮೇಲಿನ ಮೂರರಲ್ಲಿ ಎರಡು ಭಾಗಕ್ಕೆ ಹಚ್ಚಿ, ಚೂಪಿನ ಕಡೆ ಖಾಲಿ ಬಿಡಿ. ನಡುವೆ ಒಂದು ಚಮಚ ಹೂರಣ. ಎರಡೂ ಅಂಚು ಹಿಡಿದು ಹಿಟ್ಟಿಗೆ ಹಿಟ್ಟು ತಾಗುವ ಹಾಗೆ ತಂದು, ಸುತ್ತಿ, ಖಾಲಿ ಬಾಲವನ್ನು ಹಿಂದಕ್ಕೆ ಮಡಚಿ.

ಅಜ್ಜಿ ಹಚ್ಚುವುದನ್ನು ಹತ್ತಿರದಿಂದ ನೋಡಬೇಕು. ಸಿಪ್ಪೆಯನ್ನು ಎಡ ಅಂಗೈ ಮೇಲೆ ಹಾಸಿಕೊಂಡು, ಚಮಚದ ಬೆನ್ನಿನಿಂದ ತಮ್ಮ ಕಡೆಗೆ ಒಂದು ಎಳೆತ, ಆಚೆಗೆ ಒಂದು ತಳ್ಳು. ಅಷ್ಟಕ್ಕೇ ಹಿಟ್ಟು ಅಂಚಿನವರೆಗೆ ಸಮನಾಗಿ ಕೂರುತ್ತದೆ. ಗೆಣ್ಣು ಊದಿದ ಬೆರಳುಗಳು ಅವು, ಆದರೂ ಚಮಚ ಸಿಪ್ಪೆಯನ್ನು ಒಂದೇ ಒಂದು ಸಲವೂ ಹರಿಯುವುದಿಲ್ಲ. ನಾನು ಐದಾರು ಸಲ ತಿದ್ದುತ್ತೇನೆ.

ಬೇಯಿಸುವುದು ಹೇಗೆ? ಇಡ್ಲಿ ಪಾತ್ರೆ ಸಾಕಾ?

ಹದಿನೈದು ಇಪ್ಪತ್ತಕ್ಕೆ ದೊಡ್ಡ ಇಡ್ಲಿ ಪಾತ್ರೆ ಸಾಕು. ಒಳಗೆ ತೂತಿನ ತಟ್ಟೆ ಇಟ್ಟು, ತಮಾಲೆಗಳನ್ನು ಮಡಚಿದ ತುದಿ ಕೆಳಗೆ, ಬಾಯಿ ಮೇಲೆ ಬರುವ ಹಾಗೆ ನಿಲ್ಲಿಸಿ. ಒಂದಕ್ಕೊಂದು ಒರಗಿ ನಿಂತರೆ ಸಾಕು, ತುರುಕಬೇಡಿ, ಹಿಟ್ಟು ಉಬ್ಬಲು ಜಾಗ ಬೇಕು. ಮೇಲೆ ಉಳಿದ ಸಿಪ್ಪೆ, ಒದ್ದೆ ಬಟ್ಟೆ ಹೊದಿಸಿ ಮುಚ್ಚಿ. ಒಂದರಿಂದ ಒಂದೂವರೆ ಗಂಟೆ ಬೇಕು.

ನೀರು ಮುಗಿಯುವುದೇ ದೊಡ್ಡ ಅಪಾಯ. ಅದಕ್ಕೆ ಇಲ್ಲಿನವರ ಉಪಾಯ ನೋಡಿ: ತಳದ ನೀರಿಗೆ ತೊಳೆದ ನಾಣ್ಯ ಹಾಕುತ್ತಾರೆ. ನೀರು ಕುದಿಯುತ್ತಿರುವಷ್ಟು ಹೊತ್ತೂ ಅದು ಟಣಟಣ ಅನ್ನುತ್ತಿರುತ್ತದೆ. ಸದ್ದು ನಿಂತರೆ ನೀರು ಮುಗಿದಿದೆ ಅಂತ ಅರ್ಥ. ಕುದಿಯುವ ನೀರನ್ನೇ ಅಂಚಿನಿಂದ ಸುರಿಯಿರಿ, ತಣ್ಣೀರು ಬೇಡ.

ಬೆಂದಿದೆಯಾ ಅಂತ ನೋಡಲು ಒಂದನ್ನು ತೆಗೆದು ಐದು ನಿಮಿಷ ಬಿಟ್ಟು ಬಿಚ್ಚಿ. ಸಿಪ್ಪೆ ತಾನಾಗಿ ಬಿಟ್ಟುಬಂದರೆ ಆಯಿತು. ಅಂಟಿದರೆ ಇನ್ನೂ ಹದಿನೈದು ನಿಮಿಷ. ಒಲೆ ಆರಿಸಿದ ಮೇಲೆ ಕಾಲು ಗಂಟೆ ಮುಟ್ಟದೆ ಬಿಡಿ, ಆಗ ಗಟ್ಟಿಯಾಗುತ್ತದೆ.

ಜಗಳ ಆಡಿದರೆ ತಮಾಲೆ ಬೇಯಲ್ಲ ಅಂತಾರಲ್ಲ, ನಿಜವಾ?

ಎಷ್ಟೋ ಮೆಕ್ಸಿಕನ್ ಮನೆಗಳಲ್ಲಿ ನಂಬುತ್ತಾರೆ. ಸಿಟ್ಟಿನಲ್ಲಿರುವವರು ಹಿಟ್ಟು ಮುಟ್ಟಬಾರದು. ಪಾತ್ರೆಯ ಕಿವಿಗೆ ಸಿಪ್ಪೆಯ ದಾರ ಕಟ್ಟಿದರೆ ದೃಷ್ಟಿ ತಾಗುವುದಿಲ್ಲ. ಬೇಯದೆ ಹಟ ಹಿಡಿದರೆ ಪಾತ್ರೆಯ ಮುಂದೆ ಕುಣಿಯಬೇಕು. ತಮಾಲೆ ಸುತ್ತ ನಂಬಿಕೆ ಬೆಳೆದದ್ದು ಇವತ್ತು ನಿನ್ನೆಯಲ್ಲ. 16ನೇ ಶತಮಾನದಲ್ಲಿ ಬೆರ್ನಾರ್ದಿನೊ ದೆ ಸಾಹಗುನ್ ಎಂಬ ಪಾದ್ರಿ ಅಜ್ಟೆಕರ ನಂಬಿಕೆಗಳನ್ನು ಬರೆದಿಟ್ಟರು. ತಳ ಹಿಡಿದ ತಮಾಲೆ ತಿಂದ ಗಂಡಸಿನ ಬಾಣ ಯುದ್ಧದಲ್ಲಿ ಗುರಿ ತಪ್ಪುತ್ತದೆ, ಹೆಂಗಸಿಗೆ ಹೆರಿಗೆ ಕಷ್ಟವಾಗುತ್ತದೆ ಅಂತ ಅದರಲ್ಲಿದೆ.

ನಾನಂತೂ ದಾರ ಕಟ್ಟುತ್ತೇನೆ. ಸಿಟ್ಟಿನ ಮಾತೂ ನನಗೆ ಸರಿ ಅನಿಸುತ್ತದೆ. ಎರಡು ವರ್ಷದ ಹಿಂದೆ ಆ ಮನೆಯ ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿತ್ತು. ಅಜ್ಜಿ ಇಬ್ಬರನ್ನೂ ಒಂದೇ ಬೋಗುಣಿಯ ಎದುರು ಬದುರು ಕೂರಿಸಿದರು. ಸಿಪ್ಪೆ ಕೊಡು, ಚಮಚ ಕೊಡು ಅಂತಲೇ ಮಾತು ಶುರುವಾಯಿತು.

ಸರಿ ಬರಲಿಲ್ಲ. ಏನು ತಪ್ಪಾಗಿರಬಹುದು?

ಗಟ್ಟಿ, ಒಣ ಒಣ ಅನಿಸಿದರೆ ಸ್ಟಾಕ್ ಅಥವಾ ಕೊಬ್ಬು ಕಡಿಮೆಯಾಗಿದೆ. ಹಿಟ್ಟು ಹರವಲು ಸಲೀಸಾಗಿರುವಷ್ಟು ಮೆತ್ತಗಿರಬೇಕು. ನೀರು ನೀರಾಗಿದ್ದರೆ ತಟ್ಟೆಯ ಮೇಲೆ ನೀರು ಏರಿದೆ, ಇಲ್ಲವೇ ಸಿಪ್ಪೆಯನ್ನು ಒರೆಸದೆ ಬಳಸಿದ್ದೀರಿ. ಭಾರ ಅನಿಸಿದರೆ ನಾದಿದ್ದು ಸಾಲದು. ಸಪ್ಪೆ ಅನಿಸಿದರೆ ಉಪ್ಪು ಸಾಲದು. ಹಸಿ ಹಿಟ್ಟನ್ನು ನಾಲಿಗೆಗೆ ಇಟ್ಟಾಗ ಉಪ್ಪು ಒಂದು ಕೈ ಮುಂದೆಯೇ ಇರಬೇಕು, ಬೆಂದ ಮೇಲೆ ಇಳಿಯುತ್ತದೆ.

ಎಷ್ಟು ದಿನ ಇಡಬಹುದು?

ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ. ಬೆಂದದ್ದನ್ನು ಆರಿಸಿ, ಸಿಪ್ಪೆ ಸಮೇತ ಫ್ರೀಜರ್‌ನಲ್ಲಿ ಇಟ್ಟರೆ ಮೂರು ತಿಂಗಳು. ಅಲ್ಲಿಂದ ನೇರ ಹಬೆಗೆ, ಅರ್ಧ ಗಂಟೆ. ಒಂದೋ ಎರಡೋ ಇದ್ದರೆ ಒದ್ದೆ ಪೇಪರ್ ಟವೆಲ್ ಸುತ್ತಿ ಮೈಕ್ರೋವೇವ್ ಮಾಡಿ. ಮರುದಿನ ಸಿಪ್ಪೆ ತೆಗೆದು ತವಾದ ಮೇಲೆ ಬೆಣ್ಣೆ ಹಾಕಿ ಕೆಂಪಗೆ ಕಾಯಿಸಿದರೆ ನನಗೆ ಮೊದಲ ದಿನಕ್ಕಿಂತಲೂ ರುಚಿ.

ಹೊರಗಿನ ಸಿಪ್ಪೆ ತಿನ್ನಬೇಕಾ?

ಬೇಡ, ಬಿಚ್ಚಿ ಬದಿಗಿಡಿ. 1976ರಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ನಮ್ಮ ಈ ಊರಿನ ಅಲಾಮೊ ಎಂಬ ಹಳೆಯ ಕೋಟೆಗೆ ಬಂದಿದ್ದಾಗ ಸಿಪ್ಪೆ ಸಮೇತ ಕಚ್ಚಿದ್ದರು. ಇಲ್ಲಿನ ಹಿರಿಯರು ಈಗಲೂ ಅದನ್ನು ಹೇಳುತ್ತಾರೆ. ನೀವು ತಡವರಿಸಿದರೆ ಪಕ್ಕದಲ್ಲಿ ಕೂತವರು ಬಿಚ್ಚಿ ತೋರಿಸುತ್ತಾರೆ. ಜೊತೆಗೆ ಕುಡಿಯಲು ಚಂಪುರ್ರಾದೊ, ಅಂದರೆ ಮಾಸಾ, ಚಾಕೊಲೇಟ್, ಬೆಲ್ಲ, ಚಕ್ಕೆ ಹಾಕಿದ ಬಿಸಿ ಗಂಜಿ.

ತಮಲಾದಾಕ್ಕೆ ಕರೆದಿದ್ದಾರೆ. ಏನು ತೆಗೆದುಕೊಂಡು ಹೋಗಲಿ?

ಒಂದು ಏಪ್ರನ್ ಒಯ್ಯಿರಿ, ಹೇಳಿದ ಹೊತ್ತಿಗೆ ಹೋಗಿ. ಕೆಲಸ ಮುಗಿದ ಮೇಲೆ ತಿನ್ನಲು ಹೋಗುವುದು ಸರಿಯಲ್ಲ. ನಾನು ಪ್ರತಿ ವರ್ಷ ಒಂದು ಡಬ್ಬಿ ಚಕ್ಕುಲಿ ಒಯ್ಯುತ್ತೇನೆ. ಕೈತುಂಬ ಹಿಟ್ಟಿರುವುದರಿಂದ ಮಕ್ಕಳು ದೊಡ್ಡವರ ಬಾಯಿಗೆ ಮುರಿದು ಹಾಕುತ್ತಾರೆ. ಡಬ್ಬಿ ಮಾತ್ರ ದೊಡ್ಡದೇ ಒಯ್ಯಿರಿ. ಬರುವಾಗ ಅದನ್ನು ಖಾಲಿ ಕಳಿಸುವುದಿಲ್ಲ. ಒಂದು ಗಂಟಿನ ತಮಾಲೆ ಒಂದು ಡಜನ್, ಬಟ್ಟೆಯಲ್ಲಿ ಸುತ್ತಿ, ಬಿಸಿ ಬಿಸಿಯಾಗಿ ಒಳಗಿಟ್ಟು ಕೊಡುತ್ತಾರೆ.